ಗಲಿಲೇಯದ ರಾಜಕುಮಾರ, ಮೂರನೇ ಮಹಡಿ

ನೀರುದೋಸೆಯ ಹಿಟ್ಟನ್ನು ಕಾವಲಿಗೆ ಹೊಯ್ದು ಮುಚ್ಚಳ ಮುಚ್ಚಿದ್ದೆನಷ್ಟೇ, ಬಚ್ಚಲಮನೆಯ ಒಳಗಿನಿಂದ ನನ್ನ ಗಂಡನ ಧ್ವನಿ ಕೇಳಿಸಿತು.

"ಮೊಲ್ಲಿ, ನಾನು ರಾಜಕುಮಾರ."

ಸ್ಕೂಲ್ ಬಸ್ಸು ಬರುವ ಹೊತ್ತು. ಆಲಿಶಾ ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು, ಬ್ರಷ್ ಹಿಡಿದು, ಬಚ್ಚಲ ಬಾಗಿಲಲ್ಲಿ ಕಾಯುತ್ತಿದ್ದಳು.

"ರಾಜಕುಮಾರರು ಮೊದಲು ಹೊರಗೆ ಬನ್ನಿ," ಎಂದೆ. "ಮಗು ಹಲ್ಲುಜ್ಜಬೇಕು."

ಬಾಗಿಲು ತೆರೆಯಿತು. ಬನಿಯನ್ನು, ಸೊಂಟಕ್ಕೆ ಟವೆಲು, ಒಂದು ಕೆನ್ನೆಗೆ ಮಾತ್ರ ಸೋಪಿನ ನೊರೆ, ಕೈಯಲ್ಲಿ ಮೊಬೈಲು. ನೇರ ಅಡುಗೆಮನೆಗೆ ಬಂದು ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದರು. ನಾನು ಎರಡು ಸಾಲು ಓದುವಷ್ಟರಲ್ಲಿ ದೋಸೆ ಕರಕಲಾಯಿತು. ನಮ್ಮ ಮನೆಗೆ ರಾಜಮನೆತನ ಪ್ರವೇಶ ಮಾಡಿದ್ದು ಆ ವಾಸನೆಯೊಂದಿಗೆ.

ನನ್ನ ಗಂಡನ ಹೆಸರು ಟ್ಯಾಂಕ್ರೆಡ್. ನಮ್ಮ ಪಡುಬೈಲು ಇಗರ್ಜಿಯ, ಅಂದರೆ ಊರ ಚರ್ಚಿನ, ವ್ಯಾಪ್ತಿಯಲ್ಲಿ ಹೀಗೊಂದು ಹೆಸರು ಹಿಂದೆ ಇರಲಿಲ್ಲ, ಮುಂದೆ ಯಾರೂ ಇಡುವ ಸೂಚನೆಯೂ ಇಲ್ಲ. ಅಲ್ಲಿ ಮೋರಿಸ್ ಇದ್ದಾರೆ, ಬೇಕಾದಷ್ಟು. ರಾನ್ಸನ್, ಕ್ಲೇಟನ್, ಆಶ್ಲಿ ಇದ್ದಾರೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ಟೀಚರು ಇವರ ಹೆಸರಿಗೆ ಬಂದು ಕೆಮ್ಮುತ್ತಿದ್ದರಂತೆ. ಕುವೈತಿಗೆ ಬಂದ ಮೇಲೆ ಎ.ಸಿ. ಕಂಪನಿಯ ಗೋದಾಮಿನಲ್ಲಿ ಎಲ್ಲರೂ ಇವರನ್ನು "ಮಿಸ್ಟರ್ ಟ್ಯಾನ್" ಎಂದು ಕರೆದು ಕೆಲಸ ಮುಗಿಸುತ್ತಾರೆ. ಹೀಗೆ ನಲವತ್ತು ವರ್ಷ ದಾಟುವವರೆಗೂ ಹೆಸರಿನ ವಿಷಯದಲ್ಲಿ ತಲೆ ತಗ್ಗಿಸಿಕೊಂಡೇ ಬದುಕಿದ ಮನುಷ್ಯನಿಗೆ, ಮಗಳ ಟೀಚರು ಹೋಂವರ್ಕ್ ಕೊಟ್ಟುಬಿಟ್ಟರು: ನಿಮ್ಮ ತಂದೆಯ ಹೆಸರಿನ ಬಗ್ಗೆ ಐದು ವಾಕ್ಯ ಬರೆಯಿರಿ.

ಮೂರನೇ ಕ್ಲಾಸಿನ ಮಗುವಿಗೆ ಕೊಟ್ಟ ಪಾಠ. ಅದನ್ನು ಹಿಡಿದುಕೊಂಡು ತಂದೆ ಬಚ್ಚಲಮನೆ ಸೇರಿದ್ದರು.

"ಒಂಬೈನೂರು ವರ್ಷ ಹಿಂದೆ," ಎಂದರು ಕರಕಲು ದೋಸೆಯ ಹೊಗೆಯ ನಡುವೆ, "ಟ್ಯಾಂಕ್ರೆಡ್ ಹೇಳಿ ಒಬ್ಬ. ಗಲಿಲೇಯದ ರಾಜಕುಮಾರ. ಯೇಸು ನೀರ ಮೇಲೆ ನಡೆದ ಗಲಿಲೇಯ, ಗೊತ್ತುಂಟಲ್ಲ? ಅದರ ರಾಜಕುಮಾರ. ಮತ್ತೊಬ್ಬ ಸಿಸಿಲಿಯ ರಾಜ. ಎಲ್ಲ ಟ್ಯಾಂಕ್ರೆಡ್‌ಗಳೇ. ನಾನು ಇಷ್ಟು ವರ್ಷ ಸುಮ್ಮನೆ ನಾಚಿಕೊಂಡದ್ದು."

"ಡ್ಯಾಡಾ, ಅವರು ನಮಗೆ ಏನಾಗ್ಬೇಕು?" ಎಂದಳು ಆಲಿಶಾ, ಬ್ರಷ್ ಬಾಯಲ್ಲಿಟ್ಟುಕೊಂಡೇ.

"ಹೆಸರು ಒಂದೇ ಅಲ್ವಾ ಪುಟ್ಟಿ. ಹೆಸರು ಎಲ್ಲಿಂದಲೋ ಇಳಿದು ಬರ್ಬೇಕಲ್ಲ."

ಎಲ್ಲಿಂದ ಇಳಿದು ಬಂತು ಎಂಬುದನ್ನು ತಿಳಿಯಲು ಆ ಸಂಜೆಯೇ ಊರಿಗೆ ವಿಡಿಯೊ ಕಾಲ್ ಮಾಡಿದರು. ನನ್ನ ಅತ್ತೆ ಕನ್ನಡಕ ಹುಡುಕಿ, ಹಾಕಿಕೊಂಡು, ಮಗನ ಬದಲು ತನ್ನ ಸೀಲಿಂಗ್ ಫ್ಯಾನನ್ನು ನಮಗೆ ತೋರಿಸುತ್ತ ಮಾತಾಡಿದರು.

"ನಿನ್ನ ಹೆಸರಾ? ಅದು ದೊಡ್ಡ ಪಾದ್ರಿಗಳು ಇಟ್ಟದ್ದಲ್ವಾ. ಆ ವರ್ಷ ಬ್ಯಾಪ್ಟಿಸಮ್‌ಗೆ ಬಂದ ಮಕ್ಕಳೆಲ್ಲ ಮೋರಿಸೇ. ನಿನ್ನ ಅಪ್ಪನೂ ಮೋರಿಸ್ ಅಂತಲೇ ಹೇಳಿದ್ದು. ಪಾದ್ರಿಗಳಿಗೆ ಸಿಟ್ಟು ಬಂತು. ಇನ್ನೊಂದು ಮೋರಿಸ್‌ಗೆ ನಾನು ನೀರು ಹಾಕುದಿಲ್ಲ ಹೇಳಿ, ಸಂತರ ಪುಸ್ತಕ ತೆಗೆದು, ಕಣ್ಣು ಮುಚ್ಚಿ ಬೆರಳಿಟ್ರು. ನೀ ಬಂದೆ."

"ಬೆರಳು ರಾಜಕುಮಾರನ ಮೇಲೆ ಬಿತ್ತಲ್ಲ ಮಾಯ್?"

"ಎಂತ ರಾಜಕುಮಾರ? ಸಂತರ ಪುಸ್ತಕದಲ್ಲಿ ರಾಜಕುಮಾರನಿಗೆ ಎಂತ ಕೆಲಸ? ಯಾರೋ ಒಬ್ಬ ಸನ್ಯಾಸಿಯಂತೆ. ಇಂಗ್ಲೆಂಡಿನ ಜೌಗು ಕಾಡಲ್ಲಿ ಒಬ್ಬನೇ ಇದ್ದನಂತೆ, ಜಪ ಮಾಡ್ಕೊಂಡು. ಕೊಳ್ಳೆಗಾರರು ಬಂದು ಕಡಿದು ಹಾಕಿದರಂತೆ. ಪಾಪ."

"ಅವ ಮತ್ತೆಂತ ಮಾಡಿದ?"

"ಮತ್ತೆಂತ ಮಾಡ್ಲಿಕ್ಕೆ, ಸತ್ತನಲ್ಲ."

ಕಾಲ್ ಮುಗಿದ ಮೇಲೆ ನನ್ನ ಗಂಡ ಮೊಬೈಲನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಚರಿತ್ರೆಯನ್ನು ತಿದ್ದಿದರು. "ಸನ್ಯಾಸಿಗೆ ಕುದುರೆ ಇಲ್ಲ," ಎಂದರು. "ಅವನನ್ನು ಬಿಡುವ."

ಹೀಗೆ, ನಿಜವಾಗಿಯೂ ಇವರಿಗೆ ಹೆಸರು ಕೊಟ್ಟ ಒಬ್ಬನೇ ಒಬ್ಬ ಟ್ಯಾಂಕ್ರೆಡ್ ಮೊದಲ ದಿನವೇ ನಮ್ಮ ಮನೆಯಿಂದ ಹೊರಬಿದ್ದ. ಯಾರನ್ನೂ ಹೊಡೆಯದವನಿಗೆ ವಂಶವೃಕ್ಷದಲ್ಲಿ ಜಾಗ ಸಿಗುವುದು ಕಷ್ಟ.

ಬ್ನೇದ್ ಅಲ್ ಗಾರ್‌ನ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಮುಸ್ತಫಾ ಅವರದು. ಬಂಟ್ವಾಳದ ಕಡೆಯ ಬ್ಯಾರಿಗಳು. ಮುಸ್ತಫಾ ಎಗೈಲಾದ ಮಾಲಿನಲ್ಲಿ ಅತ್ತರಿನ ಅಂಗಡಿ ನೋಡಿಕೊಳ್ಳುತ್ತಾರೆ. ಅವರ ಹೆಂಡತಿ ಸೈನಬಾ, ಮಗಳು ಸಹಲಾ. ಸಹಲಾ ಮತ್ತು ಆಲಿಶಾ ಒಂದೇ ಕ್ಲಾಸು, ಒಂದೇ ಬಸ್ಸು, ಬಸ್ಸಿನಲ್ಲಿ ಒಂದೇ ಸೀಟು. ನನ್ನ ಮಗಳಿಗೆ ಈ ದೇಶದಲ್ಲಿ ಅಕ್ಕ, ತಂಗಿ, ಅಜ್ಜಿ ಮನೆ ಎಂಬುದೆಲ್ಲ ಆ ಎದುರು ಬಾಗಿಲೇ. ನನಗೂ ಹಾಗೆಯೇ. ನಾನು ಸನ್ನ ಮಾಡಿದರೆ ಒಂದು ತಟ್ಟೆ ಆಚೆ ಹೋಗುತ್ತದೆ. ಅದೇ ತಟ್ಟೆ ಎರಡು ದಿನ ಬಿಟ್ಟು ಪತ್ತಿರಿ ಹೊತ್ತುಕೊಂಡು ಈಚೆ ಬರುತ್ತದೆ. ಬರಿದಾಗಿ ಬಂದದ್ದಿಲ್ಲ.

ಆ ದಿನಗಳಲ್ಲಿ ಮುಸ್ತಫಾರ ತಂದೆ ಪುತ್ತಬ್ಬ ವಿಸಿಟ್ ವೀಸಾದಲ್ಲಿ ಬಂದಿದ್ದರು. ಎಪ್ಪತ್ತು ದಾಟಿದ ಮುದುಕರು. ಸಕ್ಕರೆ ಕಾಯಿಲೆ. ಹೊರಗೆ ಬಿಸಿಲು, ಒಳಗೆ ಟಿ.ವಿ., ಅದೂ ಅರಬ್ಬಿಯಲ್ಲಿ. ಕಥೆ ಹೇಳುವವರು ಯಾರಾದರೂ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದ ಅವರ ಮುಂದೆ ನನ್ನ ಗಂಡ ಹೋಗಿ ಕುಳಿತರು. ನಾನೂ ಸೈನಬಾಳ ಜೊತೆ ಬೆಂಡೆಕಾಯಿ ಹೆಚ್ಚುತ್ತ ಅಲ್ಲೇ ಇದ್ದೆ.

"ಪೊರ್ಬುಗಳೇ," ಎಂದರು ಪುತ್ತಬ್ಬ. ಊರಿನಲ್ಲಿ ನಮ್ಮವರನ್ನು ಹಳಬರು ಹಾಗೆಯೇ ಕರೆಯುವುದು. "ಆ ನಿಮ್ಮ ರಾಜಕುಮಾರ ಯಾವ ಊರಿನವ?"

"ಇಟಲಿ ಕಡೆಯವ, ಪುತ್ತಬ್ಬಾಕ."

"ಈ ಕಡೆಗೆ ಎಂತಕ್ಕೆ ಬಂದದ್ದು?"

"ಬಂದದ್ದು ಹೀಗೇ. ತುಂಬ ಜನ ಒಟ್ಟಿಗೆ ಹೊರಟರು. ಇವನೂ ಹೊರಟ."

"ಗ್ರೂಪ್ ವೀಸಾ," ಎಂದು ಪುತ್ತಬ್ಬ ಅರ್ಥ ಮಾಡಿಕೊಂಡರು. "ಕಫೀಲ್ ಯಾರು? ವೀಸಾ ಕೊಟ್ಟ ಅರಬ್ಬಿ?"

"ರಾಜಕುಮಾರನಿಗೆ ಕಫೀಲ್ ಇರುದಿಲ್ಲ."

"ಕಫೀಲ್ ಇಲ್ಲದೆ ಹೇಗೆ ನಿಂತ? ಇರ್ಲಿಕ್ಕೆ ಪರ್ಮಿಟ್ಟು, ಇಕಾಮಾ ಬೇಡ್ವಾ? ಪೊಲೀಸು ಹಿಡಿಲಿಲ್ವಾ?"

"ಪುತ್ತಬ್ಬಾಕ, ಅವನೇ ಪೊಲೀಸು. ಗಲಿಲೇಯವೇ ಅವನದ್ದು."

"ಅಪ್ಪನ ಆಸ್ತಿಯಾ?"

"ಅಲ್ಲ."

"ಕ್ರಯಕ್ಕೆ ತಕೊಂಡದ್ದಾ?"

"ಕ್ರಯಕ್ಕೆ ಅಲ್ಲ. ಸುಮ್ಮನೆ ತಕೊಂಡದ್ದು."

"ಮೊದಲು ಅಲ್ಲಿ ಇದ್ದವರು?"

ನನ್ನ ಗಂಡ ಖಾಲಿಯಾದ ಚಹಾದ ಗ್ಲಾಸನ್ನು ಮತ್ತೊಮ್ಮೆ ಕುಡಿದರು. "ಅದು ಎರಡನೇ ಪುಟದಲ್ಲಿ ಉಂಟು ಅಂತ ಕಾಣ್ತದೆ," ಎಂದರು. "ನಾನು ಸದ್ಯಕ್ಕೆ ಒಂದನೇ ಪುಟ ಓದಿದ್ದು."

ಸೈನಬಾ ಬೆಂಡೆಕಾಯಿಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಬೆಂಡೆಕಾಯಿಯನ್ನು ನೋಡಿದೆ. ಲೋಕದ ಚರಿತ್ರೆಯಲ್ಲಿ ಒಂದನೇ ಪುಟವನ್ನು ಮಾತ್ರ ಓದಿ ಮಾತಾಡಲು ಎದ್ದವರ ಪೈಕಿ ನನ್ನ ಗಂಡ ಮೊದಲಿನವರೇನೂ ಅಲ್ಲ. ಆದರೆ ಉಳಿದವರನ್ನು ನಾನು ಮದುವೆಯಾಗಿರಲಿಲ್ಲ.

ಎರಡನೇ ಪುಟ ಓದುವಂತೆ ಹೇಳಿದೆ. ಹೇಳುತ್ತಲೇ ಇದ್ದೆ, ಬಟ್ಟೆ ಮಡಚುವಾಗ ಒಮ್ಮೆ, ಮೀನು ಕೊರೆಯುವಾಗ ಒಮ್ಮೆ. ಅವರಿಗೆ ಪುರುಸೊತ್ತಿರಲಿಲ್ಲ. ಏಕೆಂದರೆ ಅಷ್ಟರಲ್ಲಿ ನಮ್ಮ ಪಡುಬೈಲು ಇಗರ್ಜಿ ಸಂಘದ ಕುವೈತ್ ಶಾಖೆಗೆ ಸುದ್ದಿ ಮುಟ್ಟಿತ್ತು.

ಕುವೈತಿನಲ್ಲಿ ನಮ್ಮ ಕಡೆಯ ಒಂದೊಂದು ಇಗರ್ಜಿಗೂ ಒಂದೊಂದು ಸಂಘ ಉಂಟು. ಸಂಘ ಎಂದ ಮೇಲೆ ವಾರ್ಷಿಕೋತ್ಸವ ಬೇಕು. ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಬೇಕು. ನಮ್ಮ ಸಂಘದಲ್ಲಿ ಎಲ್ಲರೂ ಒಂದೊಂದು ಸಲ ಮುಖ್ಯ ಅತಿಥಿಗಳಾಗಿ, ಒಬ್ಬರಿಗೊಬ್ಬರು ಶಾಲು ಹೊದಿಸಿ, ಈ ವರ್ಷ ಶಾಲು ಹೊದಿಸಲು ಹೊಸ ಹೆಗಲು ಸಿಗದೆ ಕಾರ್ಯದರ್ಶಿ ರಾನ್ಸನ್ ಒದ್ದಾಡುತ್ತಿದ್ದ. ಅಂಥ ಸಮಯದಲ್ಲಿ ಒಬ್ಬ ರಾಜಕುಮಾರ ತಾನಾಗಿ ಸಿಕ್ಕಿದ.

"ಟ್ಯಾಂಕ್ರೆಡ್ ಮಾಮ್, ಇದು ಸಣ್ಣ ವಿಷಯ ಅಲ್ಲ," ಎಂದ ರಾನ್ಸನ್, ನಮ್ಮ ಸೋಫಾದಲ್ಲಿ ಕುಳಿತು ನನ್ನ ಚಕ್ಕುಲಿ ಮುಗಿಸುತ್ತ. "ಮಂಗಳೂರಿನ ಬೇರೆ ಯಾವ ಸಂಘದಲ್ಲೂ ರಾಯಲ್ ಫ್ಯಾಮಿಲಿ ಇಲ್ಲ. ಶಿರ್ವದವರು ಏನಿದ್ರೂ ಡಾಕ್ಟರ್‌ವರೆಗೆ ಹೋಗಿದ್ದಾರೆ. ನಾವು ಮೇಲೆ ಹೋಗುವ."

"ನಾನು ಮಾತಾಡ್ಬೇಕಾ?"

"ಮಾತಾಡ್ಬೇಕು. ಡ್ರೆಸ್ ಹಾಕಿ ಮಾತಾಡ್ಬೇಕು. ಬ್ಯಾನರ್ ನಾನು ಮಾಡಿಸ್ತೇನೆ."

"ರಾನ್ಸನ್, ಇವರು ಎರಡನೇ ಪುಟ ಓದಿಲ್ಲ," ಎಂದೆ.

"ಆಂಟಿ, ಹಾಲ್‌ನಲ್ಲಿ ಒಂದನೇ ಪುಟ ಕೇಳ್ಲಿಕ್ಕೂ ಜನ ಕೂತುಕೊಳ್ಳುದಿಲ್ಲ. ಊಟದ ಮೊದಲು ಹತ್ತು ನಿಮಿಷ."

ಮುರ್ಗಾಬ್‌ನಲ್ಲಿ ಬೀರಾನ್ ಎಂಬ ಟೈಲರ್ ಇದ್ದಾರೆ. ಮಲಬಾರಿನವರು. ನಮ್ಮ ಕಡೆಯ ನರ್ಸುಗಳ ಯೂನಿಫಾರ್ಮ್ ಎಲ್ಲ ಅವರ ಕೈಯದು. ನನ್ನ ಗಂಡ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು: ಮೊಣಕಾಲಿನವರೆಗಿನ ಬಿಳಿ ನಿಲುವಂಗಿ, ಎದೆಯ ಮೇಲೆ ದೊಡ್ಡ ಕೆಂಪು ಶಿಲುಬೆ. ಬೀರಾನ್ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಚಿಕ್ಕದು ಮಾಡಿ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಯಾವ ಆಸ್ಪತ್ರೆ?"

"ಆಸ್ಪತ್ರೆ ಅಲ್ಲ ಭಾಯಿ. ರಾಜಕುಮಾರ."

"ಪ್ರೈವೇಟಾ," ಎಂದರು ಬೀರಾನ್, ಅಳತೆ ತೆಗೆಯುತ್ತ.

ಬಟ್ಟೆ ಹೊಲಿದು ಬಂದಾಗ ಎದೆಯ ಎಡಗಡೆ ಒಂದು ಸಣ್ಣ ಜೇಬಿತ್ತು. ಥರ್ಮಾಮೀಟರ್ ಇಡುವುದಕ್ಕೆ. ಅದನ್ನು ಅವರು ಪ್ರೀತಿಯಿಂದ ಮಾಡಿಕೊಟ್ಟದ್ದು.

ಆ ಬಟ್ಟೆ ಬಂದ ದಿನವೇ ನನ್ನ ತಟ್ಟೆಯೂ ಬಂತು. ಬಾಗಿಲು ತಟ್ಟಿದ ಸದ್ದಿಗೆ ಹೋಗಿ ನೋಡಿದರೆ ಸೈನಬಾ. ತಟ್ಟೆಯನ್ನು ಚೆನ್ನಾಗಿ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದಿದ್ದಳು. ಅದರಲ್ಲಿ ಏನೂ ಇರಲಿಲ್ಲ.

"ಮೊಲ್ಲಿಯಕ್ಕ, ನಿಮ್ಮ ತಟ್ಟೆ."

"ಒಳಗೆ ಬಾ ಸೈನಬಾ. ಚಹಾಕ್ಕೆ ಇಟ್ಟಿದ್ದೇನೆ."

"ಇಲ್ಲ ಅಕ್ಕ. ಮಾವನಿಗೆ ಮದ್ದು ಕೊಡ್ಲಿಕ್ಕೆ ಉಂಟು."

ಅಷ್ಟೇ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ತಟ್ಟೆಯನ್ನು ಕಪಾಟಿನಲ್ಲಿ ಇಡಲು ಮನಸ್ಸಾಗದೆ ಮೇಜಿನ ಮೇಲೆಯೇ ಬಿಟ್ಟೆ.

ಆಲಿಶಾ ಶಾಲೆಯಿಂದ ಬಂದವಳು ಬ್ಯಾಗನ್ನು ಇಳಿಸದೆ ಸೋಫಾದ ಮೂಲೆಯಲ್ಲಿ ಕುಳಿತಳು. ಬ್ಯಾಗು ನಾನೇ ತೆಗೆದೆ. ಷೂ ನಾನೇ ಬಿಚ್ಚಿದೆ. ಕೇಳಲಿಲ್ಲ. ಕೇಳಿದರೆ ಬಾಯಿ ಮುಚ್ಚುವ ಮಗು ಅದು. ಕಾಲು ಉಜ್ಜುತ್ತ ಕುಳಿತರೆ ತಾನೇ ಹೇಳುತ್ತಾಳೆ.

"ಸಹಲಾ ಬಸ್ಸಲ್ಲಿ ಹಿಂದೆ ಹೋಗಿ ಕೂತ್ಕೊಂಡ್ಳು," ಎಂದಳು ಕೊನೆಗೆ. "ನಾನು ನಿನ್ನೆ ಕ್ಲಾಸಲ್ಲಿ ಡ್ಯಾಡಾನ ಫೈವ್ ಸೆಂಟೆನ್ಸಸ್ ಓದಿದೆ. ಪ್ರಿನ್ಸ್ ಅಂತ. ಅವಳು ಮನೆಗೆ ಹೋಗಿ ಸೈನಬಾ ಆಂಟಿಯ ಫೋನಲ್ಲಿ ನೋಡಿದ್ಳು, ಮಮ್ಮಿ. ಅವಳು ಸೆಕೆಂಡ್ ಪೇಜ್ ಓದಿದ್ಳು."

ನಮ್ಮ ಮನೆಯ ಯಜಮಾನರು ಓದದ ಪುಟವನ್ನು ಎದುರು ಮನೆಯ ಎಂಟು ವರ್ಷದ ಹುಡುಗಿ ಓದಿದ್ದಳು.

ಆ ಸಂಜೆ ಗಂಡನ ಕೈಗೆ ಚಹಾ ಕೊಡುವ ಬದಲು ಮೊಬೈಲು ಕೊಟ್ಟೆ. "ಓದಿ. ಓದಿದ ಮೇಲೆ ಚಹಾ."

ಓದಿದರು. ಅವರ ರಾಜಕುಮಾರ ಬಂದದ್ದು ಜೆರುಸಲೇಮನ್ನು ಮುಸ್ಲಿಮರ ಕೈಯಿಂದ ಗೆಲ್ಲಲು ಹೊರಟ ಕ್ರೈಸ್ತ ಸೈನ್ಯದಲ್ಲಿ. ಊರು ಕೈಗೆ ಸಿಕ್ಕ ದಿನ ಆ ಸೈನ್ಯ ಬೀದಿಬೀದಿಯಲ್ಲಿ ಜನರನ್ನು ಕಡಿಯಿತು. ರಾಜಕುಮಾರ ಮುಸ್ಲಿಮರ ಪವಿತ್ರ ಸ್ಥಳವಾದ ಬಂಡೆಯ ಗುಮ್ಮಟದಲ್ಲಿದ್ದ ಬೆಳ್ಳಿಬಂಗಾರವನ್ನು ಹೊತ್ತುಕೊಂಡು ಹೋದ. ಓದುತ್ತ ಓದುತ್ತ ನನ್ನ ಗಂಡನ ಮುಖ ಗೋದಾಮಿನಲ್ಲಿ ಸ್ಟಾಕ್ ಕಡಿಮೆ ಬಿದ್ದ ದಿನದ ಮುಖವಾಯಿತು.

"ಬೇರೆ ಟ್ಯಾಂಕ್ರೆಡ್‌ಗಳು ಇದ್ದಾರೆ," ಎಂದರು. "ಸಿಸಿಲಿಯ ರಾಜ ಇದ್ದಾನೆ. ಅವನನ್ನು ಹಿಡಿಯುವ."

ಸಿಸಿಲಿಯ ರಾಜನನ್ನು ಹಿಡಿದರು. ಅವನು ಕುಳ್ಳ, ಕುರೂಪಿ, ಕಿರೀಟ ಇಟ್ಟ ಮಂಗ ಎಂದು ಅವನ ಕಾಲದ ಕವಿಯೊಬ್ಬ ಪದ್ಯ ಕಟ್ಟಿ ಹಾಡಿದ್ದನಂತೆ. ನನ್ನ ಗಂಡ ಎದ್ದು ಕನ್ನಡಿಯ ಮುಂದೆ ನಿಂತು, ಅತ್ತ ಇತ್ತ ತಿರುಗಿ, ಬಂದು ಕುಳಿತರು. "ಇವ ಬೇಡ."

ಇನ್ನೊಬ್ಬ ನಾರ್ಮಂಡಿಯ ಟ್ಯಾಂಕ್ರೆಡ್. ಸಣ್ಣ ಜಮೀನಿನವ. ಅವನ ಸಾಧನೆ ಹನ್ನೆರಡು ಗಂಡುಮಕ್ಕಳು. ಜಮೀನು ಸಾಲದೆ ಅವರಲ್ಲಿ ಹಲವರು ಇಟಲಿಗೆ ದುಡಿಯಲು ಹೋದರಂತೆ.

"ಇವ ನಮ್ಮ ಕಡೆಯವನ ಹಾಗೇ ಇದ್ದಾನೆ," ಎಂದೆ.

"ಹನ್ನೆರಡು ಮಕ್ಕಳು ಅಂತ ಸ್ಟೇಜಲ್ಲಿ ಹೇಳ್ಲಿಕ್ಕೆ ಆಗ್ತದಾ? ನಮಗೆ ಒಂದೇ."

ನಾಲ್ಕನೆಯವ ಬೊಲೊನ್ಯದ ವಕೀಲ. ಕೋರ್ಟಿನಲ್ಲಿ ಯಾವುದಾದ ಮೇಲೆ ಯಾವುದು ನಡೆಯಬೇಕು ಎಂದು ದೊಡ್ಡ ಪುಸ್ತಕ ಬರೆದವ. ಅವನ ಬಗ್ಗೆ ಓದುತ್ತಿರುವಾಗ ನನ್ನ ಗಂಡನಿಗೆ ನಿದ್ದೆ ಬಂತು.

"ಆ ಸನ್ಯಾಸಿ?" ಎಂದೆ.

"ಸನ್ಯಾಸಿಗೆ ಡ್ರೆಸ್ ಬೇರೆ ಹೊಲಿಸಬೇಕು."

ರಾನ್ಸನ್‌ಗೆ ಫೋನ್ ಮಾಡಿ ಕಾರ್ಯಕ್ರಮ ಬೇಡ ಎನ್ನಲು ನಾನು ಹೇಳಿದೆ. ಮಾಡಿದರು. ಸ್ಪೀಕರಿನಲ್ಲಿ ರಾನ್ಸನ್‌ನ ಧ್ವನಿ ನನಗೂ ಕೇಳಿಸಿತು. "ಬ್ಯಾನರ್ ಪ್ರಿಂಟ್ ಆಯ್ತು ಮಾಮ್. ಖಲಾಸ್. ನಿಮ್ಮ ಮುಖಕ್ಕೆ ಕಿರೀಟ ಸೇರಿಸಿದ್ದೇನೆ."

ಕಿರೀಟ ಎಂಬ ಮಾತು ಕೇಳಿದ ಮೇಲೆ ನನ್ನ ಗಂಡ ಮತ್ತೆ ಎರಡನೇ ಪುಟಕ್ಕೆ ಹೋದರು. ಈ ಸಲ ನಿಧಾನವಾಗಿ, ಸೋಸಿ ಸೋಸಿ ಓದಿದರು. ಮುಳುಗುವವನಿಗೆ ಒಂದು ಹಲಗೆ ಸಿಕ್ಕಿಯೇ ಬಿಟ್ಟಿತು.

"ಮೊಲ್ಲಿ, ಬಾ ಇಲ್ಲಿ. ಆಲಿಶಾ, ನೀನೂ ಬಾ. ಕೇಳಿ. ಅಲ್ಲಿ ಮಸೀದಿಯ ಛಾವಣಿಯ ಮೇಲೆ ಜನ ಹತ್ತಿ ಕೂತಿದ್ದರಂತೆ, ಜೀವ ಉಳಿಸ್ಕೊಳ್ಳಿಕ್ಕೆ. ಗಂಡಸರು, ಹೆಂಗಸರು. ಆಗ ಟ್ಯಾಂಕ್ರೆಡ್ ಅವರಿಗೆ ತನ್ನ ಬಾವುಟ ಕೊಟ್ಟ. ಈ ಬಾವುಟ ಇದ್ದವರನ್ನು ಯಾರೂ ಮುಟ್ಟಬಾರದು ಹೇಳಿ. ಕಂಡಿರಾ? ಒಳ್ಳೆಯವನೇ. ಇದನ್ನೇ ಹೇಳ್ತೇನೆ. ಮುಸ್ತಫಾನಿಗೂ ಹೇಳ್ತೇನೆ."

"ಆಮೇಲೆ?" ಎಂದೆ.

"ಆಮೇಲೆ ರಾತ್ರಿ ಆಯ್ತು."

"ಬೆಳಗ್ಗೆ?"

ಅವರು ಮೊಬೈಲನ್ನು ಸ್ವಲ್ಪ ಓರೆ ಮಾಡಿದರು, ಹಾಗೆ ಹಿಡಿದರೆ ಅಕ್ಷರಗಳು ಬದಲಾಗಬಹುದು ಎಂಬಂತೆ. "ಬೆಳಗ್ಗೆ ಬೇರೆಯವರು ಹತ್ತಿ ಅವರನ್ನೆಲ್ಲ ಕೊಂದರು. ಟ್ಯಾಂಕ್ರೆಡ್ ಅಲ್ಲ. ಬೇರೆಯವರು. ಟ್ಯಾಂಕ್ರೆಡ್‌ಗೆ ತುಂಬ ಕೋಪ ಬಂತಂತೆ. ಬರೆದಿದ್ದಾರೆ ಇಲ್ಲಿ."

ಕೋಪ ಬಂತು ಎಂಬುದನ್ನು ಒಂಬೈನೂರು ವರ್ಷ ಜೋಪಾನವಾಗಿ ಕಾಯ್ದಿಟ್ಟಿದ್ದಾರೆ. ಛಾವಣಿಯ ಮೇಲಿದ್ದವರಿಗೆ ಆ ಕೋಪದಿಂದ ಏನು ಪ್ರಯೋಜನವಾಯಿತು ಎಂದು ಬರೆಯಲು ಯಾರಿಗೂ ತೋಚಲಿಲ್ಲ.

ಆಲಿಶಾ ಎಲ್ಲವನ್ನೂ ಕಣ್ಣು ಮಿಟುಕಿಸದೆ ಕೇಳಿದಳು. "ಡ್ಯಾಡಾ, ಬಾವುಟ ಕೊಟ್ಟ ಮೇಲೆ..."

"ಬಾವುಟ," ಎಂದರು ನನ್ನ ಗಂಡ, ಹಾರಿ ಎದ್ದು. "ನನಗೆ ಒಂದು ಬಾವುಟ ಬೇಕು. ಮೊಲ್ಲಿ, ಹಳೆ ಬೆಡ್‌ಶೀಟ್ ಉಂಟಾ?"

ಮಗು ಬಾಯಿ ಮುಚ್ಚಿಕೊಂಡಿತು. ಮರುದಿನ ಊಟಕ್ಕೆ ಕುಳಿತಾಗ ಮತ್ತೊಮ್ಮೆ "ಡ್ಯಾಡಾ" ಎಂದಳು. ಅವರು ಭಾಷಣ ಬಾಯಿಪಾಠ ಮಾಡುತ್ತಿದ್ದರು. ಆ ವಾರ ಪೂರ್ತಿ ಅವಳು ಬಸ್ಸಿನಲ್ಲಿ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಸಂಜೆ ಬಾಗಿಲಿನ ಕಣ್ಣುತೂತಿಗೆ ಸ್ಟೂಲ್ ಹಾಕಿ ಹತ್ತಿ, ಎದುರು ಬಾಗಿಲನ್ನು ನೋಡುತ್ತ ನಿಲ್ಲುತ್ತಿದ್ದಳು. ಇಳಿಸಿ ಎತ್ತಿಕೊಂಡರೆ ನನ್ನ ಕುತ್ತಿಗೆಯಲ್ಲಿ ಮುಖ ಇಡುತ್ತಿದ್ದಳು. ಭಾರವಾಗಿದ್ದಾಳೆ ಈಗ. ಆದರೂ ಎತ್ತಿಕೊಳ್ಳುತ್ತಿದ್ದೆ.

ಶುಕ್ರವಾರ ಬಂತು. ವಾರ್ಷಿಕೋತ್ಸವದ ದಿನ. ಬಿಳಿ ನಿಲುವಂಗಿ, ಎದೆಗೆ ಕೆಂಪು ಶಿಲುಬೆ, ಜೇಬಿನಲ್ಲಿ ಪೆನ್ನು. ಕೈಯಲ್ಲಿ ನಮ್ಮ ಕಿಟಕಿಯ ಪರದೆಯ ಕೋಲು, ಅದಕ್ಕೆ ಸುತ್ತಿದ ಬೆಡ್‌ಶೀಟು. ಕೆಳಗೆ ರಾನ್ಸನ್ ಕಾರು ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದ. ನಾನು, ಆಲಿಶಾ ಹಿಂದೆ, ರಾಜಕುಮಾರರು ಮುಂದೆ. ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಒಳಗಿನಿಂದ ನಮ್ಮ ಕಟ್ಟಡ ಕಾಯುವ ಹಾರಿಸ್ ಹೊರಗೆ ಧುಮುಕಿದ. ಈಜಿಪ್ಟಿನವ. ದಪ್ಪ ಮನುಷ್ಯ, ಏದುಸಿರು ಬಿಡುತ್ತಿದ್ದ.

ಅವನು ನನ್ನ ಗಂಡನ ಮುಖ ನೋಡಲಿಲ್ಲ. ನೋಡಿದ್ದರೆ ಒಂಬತ್ತು ವರ್ಷದಿಂದ ಕಸದ ಚೀಲದ ವಿಷಯಕ್ಕೆ ಜಗಳವಾಡುವ ಮನುಷ್ಯ ಎಂದು ಗುರುತಾಗುತ್ತಿತ್ತು. ಅವನು ನೋಡಿದ್ದು ಬಿಳಿ ಅಂಗಿಯನ್ನು, ಕೆಂಪು ಗುರುತನ್ನು, ಬಟ್ಟೆ ಸುತ್ತಿದ ಕೋಲನ್ನು.

"ಅಲ್‌ಹಮ್ದುಲಿಲ್ಲಾ," ಎಂದು ಉಸಿರು ಬಿಟ್ಟ. "ಇಷ್ಟು ಬೇಗ ಬಂದ್ರಿ. ಸ್ಟ್ರೆಚರ್ ಕೂಡ ತಂದಿದ್ದೀರಿ. ಯಲ್ಲಾ, ಡಾಕ್ಟರ್, ಯಲ್ಲಾ."

"ಮಾಫಿ ಡಾಕ್ಟರ್," ಎಂದರು ನನ್ನ ಗಂಡ, ತಮಗೆ ಬರುವ ಅಷ್ಟೂ ಅರಬ್ಬಿಯಲ್ಲಿ. "ಅನಾ ಅಮೀರ್." ಡಾಕ್ಟರ್ ಅಲ್ಲ, ನಾನು ರಾಜಕುಮಾರ ಎಂದು.

"ಅಹ್ಲನ್, ಡಾಕ್ಟರ್ ಅಮೀರ್," ಎಂದ ಹಾರಿಸ್. ಅವರ ತೋಳು ಹಿಡಿದು ಎಳೆದ. ತೆರೆದೇ ಇದ್ದ ಎದುರು ಬಾಗಿಲಿನ ಒಳಗೆ ಕೋಲು, ಬಾವುಟ ಸಮೇತ ನುಗ್ಗಿಸಿದ. ಹೀಗೆ, ಒಂಬೈನೂರು ವರ್ಷಗಳ ನಂತರ ಮತ್ತೊಬ್ಬ ಟ್ಯಾಂಕ್ರೆಡ್ ಅನುಮತಿ ಇಲ್ಲದೆ ಇನ್ನೊಬ್ಬರ ಮನೆ ಹೊಕ್ಕ.

ಪುತ್ತಬ್ಬ ಸೋಫಾದ ಮೇಲೆ ಮಲಗಿದ್ದರು. ಸಕ್ಕರೆ ಒಮ್ಮೆಲೇ ಇಳಿದುಹೋಗಿತ್ತು. ಮುಖವೆಲ್ಲ ಬೆವರು, ಬೆರಳುಗಳಲ್ಲಿ ನಡುಕ. ಮುಸ್ತಫಾ ಫೋನಿನಲ್ಲಿ ಆಂಬುಲೆನ್ಸಿನವರಿಗೆ ದಾರಿ ಹೇಳುತ್ತಿದ್ದರು. ಸೈನಬಾ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳದ ಜೊತೆ ಹೋರಾಡುತ್ತಿದ್ದಳು. ಸಹಲಾ ಪರದೆಯ ಹಿಂದೆ ನಿಂತಿದ್ದಳು, ಕಾಲು ಮಾತ್ರ ಕಾಣುತ್ತಿತ್ತು.

ನಾನು ಅಡುಗೆಮನೆಗೆ ಓಡಿದೆ. ಸೈನಬಾಳ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ತಿರುಗಿಸಿದೆ. ಅವಳು ನೀರು ಹಿಡಿದಳು. ನಾನು ಕಲಕಿದೆ. ಆ ಹೊತ್ತಿನಲ್ಲಿ ನಾವು ಒಬ್ಬರಿಗೊಬ್ಬರು ಮಾತು ಬಿಟ್ಟದ್ದು ಇಬ್ಬರಿಗೂ ನೆನಪಿರಲಿಲ್ಲ.

ಹೊರಗೆ ಹಾರಿಸ್ ನನ್ನ ಗಂಡನನ್ನು ಸೋಫಾದ ಪಕ್ಕ ಮೊಣಕಾಲೂರಿಸಿ, ಮುದುಕರ ಕೈಯನ್ನು ಅವರ ಕೈಯಲ್ಲಿ ಇಟ್ಟಿದ್ದ. "ನಾಡಿ ನೋಡಿ, ಡಾಕ್ಟರ್." ನನ್ನ ಗಂಡನಿಗೆ ನಾಡಿ ಎಲ್ಲಿರುತ್ತದೆ ಎಂದು ಗೊತ್ತಿಲ್ಲ. ಅಂಗೈಯಲ್ಲಿ ಹುಡುಕಿದರು, ಮೊಣಕೈಯಲ್ಲಿ ಹುಡುಕಿದರು. ಕೊನೆಗೆ ಕೈಯನ್ನು ಸುಮ್ಮನೆ ಗಟ್ಟಿಯಾಗಿ ಹಿಡಿದುಕೊಂಡರು. ಅಂದು ಅವರು ಮಾಡಿದ ಒಂದೇ ಸರಿಯಾದ ಕೆಲಸ ಅದು, ಅದೂ ಬೇರೆ ಏನೂ ತೋಚದ ಕಾರಣ.

ಸೈನಬಾ ಸಕ್ಕರೆ ನೀರನ್ನು ಚಮಚ ಚಮಚವಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಪುತ್ತಬ್ಬ ಕಣ್ಣು ತೆರೆದರು. ಮೊದಲು ಕಂಡದ್ದು ಕೆಂಪು ಶಿಲುಬೆ. ಆಮೇಲೆ ಅದರ ಮೇಲಿನ ಮುಖ.

"ಪೊರ್ಬುಗಳೇ," ಎಂದರು ಸಣ್ಣ ಸ್ವರದಲ್ಲಿ. "ಬಂದದ್ದು ಎಂತಕ್ಕೆ? ಈ ಮನೆಯನ್ನೂ ಸುಮ್ಮನೆ ತಕೊಳ್ಳಿಕ್ಕಾ?"

"ಅಯ್ಯೋ, ಅಲ್ಲ ಪುತ್ತಬ್ಬಾಕ."

"ತಕೊಳ್ಳಿ. ಬಾಡಿಗೆ ಮುಸ್ತಫಾನ ಹೆಸರಲ್ಲಿ ಉಂಟು. ನಾಳೆಯಿಂದ ನೀವೇ ಕಟ್ಟಿ."

ಅಷ್ಟರಲ್ಲಿ ನಿಜವಾದ ಆಂಬುಲೆನ್ಸಿನವರು ಇಬ್ಬರು ಬಂದರು. ಮುದುಕರ ಬೆರಳು ಚುಚ್ಚಿ ಸಕ್ಕರೆ ನೋಡಿದರು, ಬಿ.ಪಿ. ನೋಡಿದರು, ಈಗ ಪರವಾಗಿಲ್ಲ ಎಂದರು. ಅವರಲ್ಲೊಬ್ಬ ನನ್ನ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನೀವು ಯಾವ ಸೆಂಟರ್?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ವಾರವಿಡೀ ಬಾಯಿಪಾಠ ಮಾಡಿದ ಭಾಷಣದ ಮೊದಲ ಪದ ನನ್ನ ಗಂಡನ ಬಾಯಿಂದ ತಾನಾಗಿ ಹೊರಬಂತು. "ಗಲಿಲೇಯ," ಎಂದರು.

"ಹೊಸ ಕ್ಲಿನಿಕ್ ಇರಬೇಕು," ಎಂದು ಆತ ತನ್ನ ಜೊತೆಯವನಿಗೆ ಹೇಳಿ, ಬ್ಯಾಗು ಹೆಗಲಿಗೇರಿಸಿ ಹೊರಟ. ಹಾರಿಸ್ ಅವರನ್ನು ಕೆಳಗೆ ಬಿಡಲು ಹೋದ. ಹೋಗುವ ಮೊದಲು ಡಾಕ್ಟರ್ ಅಮೀರನ ಹೆಗಲು ತಟ್ಟಿದ.

ಬಾಗಿಲು ಮುಚ್ಚಿತು. ಕೋಣೆಯಲ್ಲಿ ಉಳಿದವರು ನಾವು ಎರಡು ಮನೆಯವರು ಮಾತ್ರ. ಕೆಳಗೆ ರಾನ್ಸನ್‌ನ ಹಾರನ್ ಇನ್ನೂ ಕೇಳುತ್ತಿತ್ತು. ಯಾರೂ ಕುಳಿತುಕೊಳ್ಳಿ ಎನ್ನಲಿಲ್ಲ.

"ಟ್ಯಾಂಕ್ರೆಡ್ ಭಾಯಿ," ಎಂದರು ಮುಸ್ತಫಾ. ಗಲಾಟೆ ಮಾಡುವ ಮನುಷ್ಯರಲ್ಲ ಅವರು. ಅತ್ತರು ಮಾರುವಾಗಲೂ ಸ್ವರ ಏರಿಸುವುದಿಲ್ಲ. "ನೀವು ಬಂದಿರಿ, ಬಾಪನ ಕೈ ಹಿಡಿದಿರಿ. ಉಪಕಾರ ಆಯ್ತು. ಆದರೆ ಈ ಬಟ್ಟೆ ಎಂತಕ್ಕೆ ಅಂತ ನನ್ನ ಮಗಳು ಕೇಳಿದರೆ ನಾನು ಎಂತ ಹೇಳ್ಬೇಕು?"

"ಮುಸ್ತಫಾ, ನೀವು ತಪ್ಪು ತಿಳ್ಕೊಂಡಿದ್ದೀರಿ," ಎಂದರು ನನ್ನ ಗಂಡ. ನೆಲದಿಂದ ಎದ್ದು ಕೋಲನ್ನು ಕೈಗೆ ತೆಗೆದುಕೊಂಡು, ಸುತ್ತಿದ ಬೆಡ್‌ಶೀಟನ್ನು ಬಿಡಿಸತೊಡಗಿದರು. ಅದು ಬಿಚ್ಚಿಕೊಂಡಿತು. ಹಳೆಯ ಬೆಡ್‌ಶೀಟು, ಮೂಲೆಯಲ್ಲಿ ಮಾಸಿದ ಗುಲಾಬಿ ಹೂ. "ಇದು ಯುದ್ಧದ್ದಲ್ಲ. ಇದು ಕಾಪಾಡಿದ್ದು. ಆ ಟ್ಯಾಂಕ್ರೆಡ್ ಛಾವಣಿ ಮೇಲೆ ಇದ್ದವರಿಗೆ ತನ್ನ ಬಾವುಟ ಕೊಟ್ಟ. ಇವರನ್ನು ಯಾರೂ ಮುಟ್ಟಬಾರದು ಅಂದ. ಅವನ ಮನಸ್ಸು ಒಳ್ಳೆಯದಿತ್ತು. ಅದನ್ನೇ ನಾನು ಇವತ್ತು ಹಾಲ್‌ನಲ್ಲಿ ಹೇಳ್ಲಿಕ್ಕೆ ಹೊರಟದ್ದು."

ಸೈನಬಾ ಗ್ಲಾಸಿನ ತಳದಲ್ಲಿ ಉಳಿದ ಸಕ್ಕರೆಯನ್ನು ನೋಡುತ್ತಿದ್ದಳು. ನನ್ನ ಗಂಡ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲಿಂದಲೂ ಒಂದು "ಹೌದಾ" ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು. ಗಂಡ ಸೋಲುವಾಗ ಕೈ ಹಿಡಿಯಬೇಕೆಂದು ನನಗೂ ಕಲಿಸಿದ್ದಾರೆ. ಆದರೆ ಅಂದು ನನ್ನ ಕೈ ಮಗಳ ತಲೆಯ ಮೇಲಿತ್ತು. ಅಲ್ಲೇ ಇಟ್ಟುಕೊಂಡೆ.

ಆ ತಲೆ ನನ್ನ ಕೈಯಿಂದ ಮೆಲ್ಲಗೆ ಜಾರಿತು. ಆಲಿಶಾ ಕೋಣೆ ದಾಟಿ ಪರದೆಯ ಹತ್ತಿರ ಹೋದಳು. ಪರದೆಯ ಕೆಳಗೆ ಕಾಣುತ್ತಿದ್ದ ಎರಡು ಕಾಲುಗಳ ಪಕ್ಕದಲ್ಲಿ ತನ್ನ ಎರಡು ಕಾಲುಗಳನ್ನು ಇಟ್ಟು, ಗೋಡೆಗೆ ಒರಗಿ ನಿಂತಳು. ಪರದೆ ಸ್ವಲ್ಪ ಸರಿದು ಸಹಲಾಳ ಒಂದು ಕಣ್ಣು ಕಾಣಿಸಿತು.

"ಡ್ಯಾಡಾ," ಎಂದಳು ಆಲಿಶಾ.

"ಈಗ ಬೇಡ ಪುಟ್ಟಿ."

"ಈಗಲೇ," ಎಂದೆ ನಾನು. "ಕೇಳು ಮಗಾ."

ಅವಳು ಅಪ್ಪನ ಮುಖ ನೋಡಿ ಕೇಳಿದಳು.

"ಆ ರೂಫ್ ಮೇಲೆ ಸಹಲಾ ಇದ್ದಿದ್ರೆ, ಬಾವುಟ ಕೊಟ್ಟ ಮೇಲೆ ನೀವು ರಾತ್ರಿಯಿಡೀ ಅಲ್ಲೇ ನಿಲ್ತಿದ್ರಾ, ಇಲ್ಲಾ ಮಲಗ್ಲಿಕ್ಕೆ ಹೋಗ್ತಿದ್ರಾ?"